ಏಳು ಆಕಳಿಕೆ

ನಾನು ಮಾತಾಡಿ ಮುಗಿಸುವಷ್ಟರಲ್ಲಿ ಆ ಹುಡುಗ ಏಳು ಸಲ ಆಕಳಿಸಿದ. ಎಣಿಸಿದ್ದು ಸಿಟ್ಟಿನಿಂದ. ರೌಂಡ್ಸ್ ಹೊತ್ತು, ಬೆನ್ನ ಹಿಂದೆ ನಾಲ್ವರು ಹೌಸ್ ಸರ್ಜನ್‌ಗಳು ನಿಂತಿದ್ದಾರೆ. ಸರ್ಜರಿಯ ಹಿರಿಯ ಡಾಕ್ಟರು ಬದುಕಿನ ಬೆಲೆ ತಿಳಿಸಿ ಹೇಳುತ್ತಿದ್ದರೆ ಇಪ್ಪತ್ತನಾಲ್ಕರ ಪೋರ ಬಾಯಿಗೆ ಕೈ ಕೂಡ ಅಡ್ಡ ಹಿಡಿಯುತ್ತಿಲ್ಲ!

ಬೆಂಗಳೂರಿನ ಯಾವುದೋ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎಡಗೈ ಕೀವು ತುಂಬಿ, ಊದಿ, ಬೆರಳು ಮಡಚಲಾಗದೆ ಬಂದಿದ್ದ. ಟಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಪುಡಿ ಮಾಡಿ, ನೀರಲ್ಲಿ ಕಲಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳುವ ಚಟ. ಅಫೀಮಿನ ಕುಲದ್ದೇ ಔಷಧ ಅದು. ನುಂಗಲೆಂದು ಮಾಡಿದ ಮಾತ್ರೆ ನೀರಲ್ಲಿ ಪೂರ್ತಿ ಕರಗುವುದಿಲ್ಲ. ಅದರ ಗಸಿ ನಾಳದಲ್ಲಿ ಕೂತು ಕೈಯನ್ನೇ ಕೆಡಿಸುತ್ತದೆ. ಕೊಯ್ದು ಕೀವು ತೆಗೆದೆ. ಅದು ಬಲ್ಲ ಕೆಲಸ, ಚೆನ್ನಾಗಿಯೇ ಮಾಡಿದೆ.

ಎಡವಿದ್ದು ಮರುದಿನ. ಅವನ ಮೂಗು ಸೋರುತ್ತಿತ್ತು, ಮೈಯೆಲ್ಲ ನವಿರೆದ್ದಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು, ಕಾಲುಗಳು ಹೊದಿಕೆಯೊಳಗೆ ಒಂದೇ ಸಮ ಒದ್ದಾಡುತ್ತಿದ್ದವು. ಬೆಳಗಿನಿಂದ ನಾಲ್ಕು ಸಲ ಭೇದಿ. “ಇಂಜೆಕ್ಷನ್‌ಗೋಸ್ಕರ ನಾಟಕ ಸಾರ್” ಅಂದರು ಸಿಸ್ಟರ್. ನಾನೂ ನಕ್ಕೆ. ಚಟದವನು ಅಂತ ಪ್ಯಾರಾಸಿಟಮಾಲ್‌ಗಿಂತ ಮೇಲಿನದೇನೂ ಬರೆಯದೆ ಉಪದೇಶಕ್ಕೆ ಕೂತೆ.

“ನಿಮ್ಮಮ್ಮನ ಮುಖ ನೋಡಪ್ಪ. ಬಿಡ್ತೀಯಾ, ಇಲ್ವಾ? ಒಂದು ಮಾತು ಹೇಳು.”

“ಬಿಡ್ತೀನಿ ಸಾರ್” ಅಂದ. ಆಕಳಿಸಿದ.

ಆ ತಾಯಿ ವಾರ್ಡಿನ ಬಾಗಿಲಲ್ಲಿ ನನ್ನನ್ನು ತಡೆದು, “ಇದಕ್ಕೂ ಮಾತ್ರೆ ಇದೆಯಂತಲ್ಲ ಡಾಕ್ಟ್ರೇ?” ಎಂದು ಕೇಳಿದರು. ಯಾರೋ ಪಕ್ಕದ ಬೆಡ್ಡಿನವರು ಹೇಳಿದ್ದಂತೆ. “ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂಗಾಗುತ್ತಮ್ಮ. ಮೊದಲು ಗಾಯ ಮಾಯಲಿ. ಡಿಸ್ಚಾರ್ಜ್ ದಿನ ಸೈಕಿಯಾಟ್ರಿಗೆ ಚೀಟಿ ಬರೆದುಕೊಡ್ತೀನಿ” ಎಂದೆ. ಸೈಕಿಯಾಟ್ರಿ ಇದ್ದದ್ದು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ. ಲಿಫ್ಟೂ ಕೆಟ್ಟಿರಲಿಲ್ಲ.

ಡಿಸ್ಚಾರ್ಜ್ ದಿನ ಬರಲಿಲ್ಲ. ಅಂದು ರಾತ್ರಿಯೇ, ಎರಡರ ಸುಮಾರಿಗೆ, ಕೈಯ ಕ್ಯಾನುಲಾ ಸಮೇತ ಎದ್ದುಹೋಗಿದ್ದ. ಬೆಳಗ್ಗೆ ಆ ತಾಯಿ ಇಡ್ಲಿ ಕಟ್ಟಿಸಿಕೊಂಡು ಬಂದಾಗ ಹಾಸಿಗೆ ಖಾಲಿ. ಕೇಸ್‌ಶೀಟಿನಲ್ಲಿ ‘ಅಬ್‌ಸ್ಕಾಂಡೆಡ್’ ಎಂದು ಬರೆದು ಮುಗಿಸಿದೆವು. ಪೊಲೀಸರು ಕಳ್ಳರಿಗೆ ಬಳಸುವ ಪದವೇ ನಮ್ಮಲ್ಲಿ ರೋಗಿಗಳಿಗೂ ನಡೆಯುತ್ತದೆ. ಅವನು ಆಮೇಲೆ ಏನಾದನೋ ತಿಳಿಯಲಿಲ್ಲ.

ವಾರದ ನಂತರ ಕ್ಯಾಂಟೀನಿನಲ್ಲಿ ಈ ಕತೆಯನ್ನು, ನನ್ನದೇನೂ ತಪ್ಪಿಲ್ಲವೆಂಬ ಧಾಟಿಯಲ್ಲೇ, ನಮ್ಮ ಮನೋವೈದ್ಯೆಯ ಮುಂದೆ ಹೇಳಿದೆ. ನನಗಿಂತ ಹದಿನೈದು ವರ್ಷ ಚಿಕ್ಕವರು. “ವಿತ್‌ಡ್ರಾಯಲ್ ಸ್ಕೋರ್ ಎಷ್ಟಿತ್ತು ಸಾರ್?” ಎಂದರು. ಯಾವ ಸ್ಕೋರು? ಚಟದ ಮದ್ದು ನಿಂತಾಗ ಮೈ ಪಡುವ ಸಂಕಟವನ್ನು ಅಳೆಯುವ ಹನ್ನೊಂದು ಅಂಶಗಳ ಪಟ್ಟಿಯನ್ನು ಫೋನಿನಲ್ಲಿ ತೆಗೆದು ತೋರಿಸಿದರು. ನಾಡಿ, ಬೆವರು, ಚಡಪಡಿಕೆ, ಪಾಪೆ, ಮೈಕೈ ನೋವು, ಮೂಗು ಸೋರುವುದು... ಒಂಬತ್ತನೆಯದು ಆಕಳಿಕೆ. ಪರೀಕ್ಷೆ ಮಾಡುವ ಹೊತ್ತಿನಲ್ಲಿ ಮೂರು ಸಲಕ್ಕಿಂತ ಕಡಿಮೆಯಿಲ್ಲದೆ ಆಕಳಿಸಿದರೆ ಎರಡು ಅಂಕ. ನನ್ನ ಕಾಫಿ ಆರಿಹೋಯಿತು.

ಆ ತಾಯಿ ಕೇಳಿದ್ದ ಮಾತ್ರೆ ಬ್ಯುಪ್ರೆನಾರ್ಫಿನ್. ಅದೂ ಅಫೀಮಿನ ಕುಲದ್ದೇ, ಸುಳ್ಳಲ್ಲ. ಆದರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿ ಕೂತವನ ಹಾಗೆ ಅದು: ಒಮ್ಮೆ ಜಾಗ ಹಿಡಿದರೆ ಇಡೀ ದಿನ ಏಳುವುದಿಲ್ಲ, ಗಲಾಟೆಯನ್ನೂ ಮಾಡುವುದಿಲ್ಲ. ಕಾತರ ತಗ್ಗುತ್ತದೆ, ಅಮಲು ಒಂದು ಮಿತಿ ದಾಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತ್ತು. ಒಂದೇ ಎಚ್ಚರ ಬೇಕು. ಹಳೆಯದು ಇನ್ನೂ ಸೀಟಿನಲ್ಲಿರುವಾಗ ಕೊಟ್ಟರೆ ಅದನ್ನು ಎಬ್ಬಿಸಿ ಓಡಿಸುತ್ತದೆ, ಸಂಕಟ ಒಮ್ಮೆಲೇ ಉಕ್ಕುತ್ತದೆ. ಹಾಗಾಗಿ ವಿತ್‌ಡ್ರಾಯಲ್ ಸರಿಯಾಗಿ ಶುರುವಾಗುವ ತನಕ ಕಾಯಬೇಕು. ಅಂದರೆ ನನ್ನನ್ನು ಕೆರಳಿಸಿದ ಆ ಆಕಳಿಕೆ, ಔಷಧ ಕೊಡುವ ಹೊತ್ತಾಯಿತೆಂದು ಮೈ ತಾನಾಗಿ ಹೇಳುತ್ತಿದ್ದ ಮಾತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಆಕೆಯೇ ಕಳಿಸಿದರು. ತುರ್ತು ಚಿಕಿತ್ಸಾ ವಿಭಾಗದಲ್ಲೇ ಈ ಔಷಧ ಶುರು ಮಾಡಿಸಿಕೊಂಡವರಲ್ಲಿ ನೂರಕ್ಕೆ 78 ಮಂದಿ ಮೂವತ್ತನೇ ದಿನವೂ ಚಿಕಿತ್ಸೆಯಲ್ಲಿದ್ದರು. ಬೇರೆಡೆಗೆ ಹೋಗಿ ಎಂದು ದಾರಿ ತೋರಿಸಿ ಕಳಿಸಿದವರಲ್ಲಿ 37. ನಾನಂತೂ ಆ ಚೀಟಿಯನ್ನೂ ಕೊಟ್ಟಿರಲಿಲ್ಲ.

ವರ್ಷದೊಳಗೆ ಇನ್ನೊಬ್ಬ ಬಂದ, ಅದೇ ಬಗೆಯ ಕೈ. ಈ ಸಲ ‘ಬಿಡ್ತೀಯಾ’ ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ.

“ರಾತ್ರಿ ಏನು ಕಷ್ಟ ಆಗುತ್ತೆ ನಿಂಗೆ?”

ಅವನು ಅನುಮಾನದಿಂದ ನೋಡಿದ. “ಕಾಲು ಸಾರ್. ಕಿತ್ತು ಬಿಸಾಕಣ ಅನ್ಸುತ್ತೆ.”

“ಅದಕ್ಕೆ ಔಷಧ ಇದೆ, ಇಲ್ಲೇ ಶುರು ಮಾಡಬಹುದು. ಬೇಡ ಅಂದ್ರೂ ನಿನ್ನ ಡ್ರೆಸ್ಸಿಂಗ್ ನಿಲ್ಲಲ್ಲ.”

ಬೇಡವೆಂದ. ಒತ್ತಾಯ ಮಾಡದೆ ಮುಂದಿನ ಬೆಡ್ಡಿಗೆ ಹೋದೆ. ಅದು ಸುಲಭವಾಗಿರಲಿಲ್ಲ, ನಾಲಿಗೆ ತುರಿಸುತ್ತಿತ್ತು. ಮರುದಿನ ಸಂಜೆ ಸಿಸ್ಟರ್ ಫೋನ್ ಮಾಡಿದರು, ಅಂದು ನಾಟಕ ಅಂದಿದ್ದ ಸಿಸ್ಟರೇ. “ಸ್ಕೋರ್ ಹದಿನೈದಾಗಿದೆ ಸಾರ್. ಆ ಮಾತ್ರೆ ಕೊಡಿ ಅಂತಿದಾನೆ.”

ಮನೋವೈದ್ಯೆ ಕೆಳಗಿಳಿದು ಬಂದರು. ಎರಡು ಮಿಲಿಗ್ರಾಮಿನ ಮಾತ್ರೆ, ನಾಲಿಗೆಯ ಕೆಳಗೆ. ನುಂಗುವಂತಿಲ್ಲ, ಕರಗುವ ತನಕ ಮಾತಾಡುವಂತಿಲ್ಲ. ನಾನು ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂತೆ. ಏನೋ ಹೇಳಬೇಕೆಂದು ಬಾಯಿ ತೆರೆದೆ. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.