ಮುಳುಗಡೆಯ ನೀರಿನಲ್ಲಿ ಒಂದು ಮಳೆಯ ದಿನ

ಜೋಗವನ್ನು ಕಾಣದ ಕನ್ನಡಿಗರು ಅನೇಕರಿರಬಹುದು. ಅದರ ಹೆಸರು ಕೇಳದವರು ಇರಲಾರರು. ಆದರೆ 253 ಮೀಟರು ಕೆಳಕ್ಕೆ ಧುಮುಕುವ ಮುನ್ನ ಶರಾವತಿ ಎಲ್ಲಿತ್ತು ಎಂದು ವಿಚಾರಿಸುವವರು ಕಡಮೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ಹೊಳೆ, ಜೋಗಕ್ಕೆ ಬರುವ ಮೊದಲು ಲಿಂಗನಮಕ್ಕಿಯ ಕಟ್ಟೆಯ ಹಿಂದೆ ತಡೆದು ನಿಂತು, ತುಂಬಿದಾಗ ಸುಮಾರು 300 ಚದರ ಕಿಲೋಮೀಟರು ನೆಲವನ್ನು ಆವರಿಸಿಕೊಳ್ಳುತ್ತದೆ. ಆ ಹಿನ್ನೀರಿನ ದಡದಲ್ಲಿ, ಸಾಗರದಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ, ಹೊನ್ನೇಮರಡು ಎಂಬ ಊರಿದೆ. 2025ರ ಅಕ್ಟೋಬರಿನಲ್ಲಿ ನಾನೂ ಅಪ್ಪಯ್ಯನೂ ಅಲ್ಲಿಗೆ ಹೋಗಿದ್ದೆವು.

ಮುಂಬಯಿಯವರಿಗೆ ಈ ದಾರಿ ಈಗ ಕಷ್ಟದ್ದಲ್ಲ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಮೇಲೆ ಹೊನ್ನಾವರ ಒಂದು ರಾತ್ರಿಯ ಪ್ರಯಾಣವಾಗಿದೆ. ಅಲ್ಲಿಂದ ಗೇರುಸೊಪ್ಪೆಯ ಘಟ್ಟ ಹತ್ತಿ, ಜೋಗವನ್ನು ದಾಟಿ ತಾಳಗುಪ್ಪಕ್ಕೆ ಬರಬೇಕು. ಘಟ್ಟದ ಅರ್ಧದಲ್ಲಿಯೇ ಮಳೆ ನಮ್ಮನ್ನು ಎದುರುಗೊಂಡಿತು. ಬಸ್ಸಿನ ಗಾಜನ್ನು ಒರೆಸಿ ಒರೆಸಿ ಹೊರಗೆ ನೋಡುತ್ತಿದ್ದ ಅಪ್ಪಯ್ಯ ಘಟ್ಟ ಮುಗಿಯುವ ತನಕ ಮಾತೇ ಆಡಲಿಲ್ಲ.

ಅವರು ಹುಟ್ಟಿದ ಊರು ಇದೇ ನೀರಿನ ಕೆಳಗಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿಗೆ ಹದಿಮೂರು ವರ್ಷ, ಈಗ ಎಪ್ಪತ್ತನಾಲ್ಕು. ಈ ಸೀಮೆಯಲ್ಲಿ ಮುಳುಗಡೆ ಎನ್ನುವುದು ಒಂದು ಕಾಲಗಣನೆಯೇ ಆಗಿದೆ: ಮದುವೆ, ಸಾವು, ಪಾಲುಪಟ್ಟಿ ಎಲ್ಲವೂ ‘ಮುಳುಗಡೆಗೆ ಮುಂಚೆ’, ಇಲ್ಲವೆ ‘ಮುಳುಗಡೆ ಆದಮೇಲೆ’. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಗಿದಾಗ ಒಮ್ಮೆ ಎದ್ದು ಗುಡ್ಡದ ಮೇಲೆ ಕೂತವರು, ಲಿಂಗನಮಕ್ಕಿ ಬಂದಾಗ ಮತ್ತೊಮ್ಮೆ ಗಂಟು ಕಟ್ಟಬೇಕಾಯಿತಂತೆ. ಆ ಹಳೆಯ ಅಣೆಕಟ್ಟೂ ಕೊನೆಗೆ ಹೊಸದರ ನೀರಿನಲ್ಲಿಯೇ ಮುಳುಗಿತು.

ನಮ್ಮ ಸಂಘದ ಸಮಾರಂಭಗಳಲ್ಲಿ ಹೊಸಬರು ಸಿಕ್ಕಾಗ ಮೊದಲು ಕೇಳುವ ಪ್ರಶ್ನೆ “ನಿಮ್ಮದು ಯಾವೂರು?” ಎಂಬುದಷ್ಟೆ. ಅಪ್ಪಯ್ಯ “ಸಾಗರದ ಕಡೆ” ಎಂದು ಹೇಳಿ ನಿಲ್ಲಿಸಿಬಿಡುತ್ತಿದ್ದರು. ಅರವತ್ತೊಂದು ವರ್ಷ ಆ ನೀರಿನ ದಡಕ್ಕೆ ಬಂದವರಲ್ಲ. 2025ರ ಜುಲೈನಲ್ಲಿ ಸಿಗಂದೂರಿಗೆ ಸೇತುವೆ ತೆರೆಯಿತೆಂಬ ಸುದ್ದಿಯನ್ನು ಓದಿ, “ನೀರಿನ ಮೇಲೆ ರಸ್ತೆ ಹಾಕಿದಾರಂತೆ, ಹೋಗಿ ನೋಡುವ” ಎಂದು ತಾವಾಗಿಯೇ ಹೊರಟರು.

ಹೊನ್ನೇಮರಡಿನಲ್ಲಿ ಪ್ರವಾಸಿಗರು ಹರಿಗೋಲು, ಕಯಾಕ್‌ಗಳಲ್ಲಿ ಹಿನ್ನೀರಿಗೆ ಇಳಿಯುತ್ತಾರೆ. ಕಯಾಕ್ ಎಂದರೆ ಉದ್ದನೆಯ, ಸಪೂರವಾದ ಹಗುರ ದೋಣಿ. ಹುಟ್ಟಿಗೆ ಎರಡು ತುದಿಯಲ್ಲಿಯೂ ಅಲಗು. ಗಾಳಿ ಎದ್ದರೆ ಯಾರನ್ನೂ ನೀರಿಗೆ ಬಿಡುವುದಿಲ್ಲ, ಜಿನುಗು ಮಳೆಗೆ ಅಡ್ಡಿಯಿಲ್ಲ ಎಂದ ಅಲ್ಲಿಯ ಹುಡುಗ. ನನಗೆ ಒಳಗೊಳಗೆ ಅಳುಕು. ಅಪ್ಪಯ್ಯನಾದರೋ ಆಗಲೇ ತೇಲುವ ಅಂಗಿಯನ್ನು ತೊಟ್ಟು ಮುಂದಿನ ಆಸನದಲ್ಲಿ ಕುಳಿತಾಗಿತ್ತು. ಹುಡುಗ ಬೇರೊಂದು ದೋಣಿಯಲ್ಲಿ ನಮ್ಮ ಪಕ್ಕಕ್ಕೇ ಬಂದ.

ಮೊದಲು ಅವರು ಹುಟ್ಟನ್ನು ಒಂದೇ ಕಡೆ ಹಾಕುತ್ತಿದ್ದರು. ದೋಣಿ ಗಾಣದ ಎತ್ತಿನಂತೆ ಸುತ್ತತೊಡಗಿತು. “ಅಜ್ಜಾ, ಆ ಕಡೆ ಒಂದು, ಈ ಕಡೆ ಒಂದು” ಎಂದ ಹುಡುಗ. ಕಾಲು ಗಂಟೆಯಲ್ಲಿ ಕೈ ಕುದುರಿತು. ಮುಂದೆ ಕುಳಿತವರ ಲಯವನ್ನೇ ಹಿಂದಿನವರು ಹಿಡಿಯಬೇಕೆಂಬುದು ಈ ದೋಣಿಯ ನಿಯಮ. ಹುಟ್ಟಿನಿಂದ ಜಾರಿದ ನೀರು ಮಡಿಲಿಗೆ, ಮಳೆಯ ನೀರು ಬೆನ್ನಿಗೆ. ನೆನೆಯಲು ಇನ್ನೇನೂ ಉಳಿಯಲಿಲ್ಲ.

ನೀರಿನ ನಡುವೆ ಅಲ್ಲಲ್ಲಿ ಹಸುರು ನಡುಗಡ್ಡೆಗಳು. ಎಷ್ಟು ಸುಂದರ ಎಂದೆ. ಅಪ್ಪಯ್ಯ ಹುಟ್ಟನ್ನು ಎತ್ತಿ ತೋರಿಸಿದರು. “ಅದು ನಡುಗಡ್ಡೆ ಅಲ್ಲ ಅಪ್ಪಿ. ನಮ್ಮ ಸೊಪ್ಪಿನ ಬೆಟ್ಟದ ನೆತ್ತಿ.” ಅಡಕೆ ತೋಟಕ್ಕೆ ಸೊಪ್ಪು ತರಲು ಈ ಸೀಮೆಯ ತೋಟಿಗರಿಗೆ ಬಿಟ್ಟ ಕಾಡಿಗೆ ಸೊಪ್ಪಿನ ಬೆಟ್ಟವೆನ್ನುತ್ತಾರೆ. ಆ ನೆತ್ತಿಯನ್ನೂ ಎದುರಿನ ದಡದ ಇನ್ನೊಂದು ಗುಡ್ಡವನ್ನೂ ಕಣ್ಣಿನಲ್ಲಿಯೇ ಗೆರೆ ಎಳೆದು ಸೇರಿಸಿ, ದೋಣಿಯನ್ನು ಎಡಕ್ಕೆ, ಮತ್ತೆ ಸ್ವಲ್ಪ ಬಲಕ್ಕೆ ನಡೆಸಿ, ಹುಟ್ಟನ್ನು ತೊಡೆಯ ಮೇಲಿಟ್ಟರು. “ಇಲ್ಲೇ ಕೆಳಗೆ ಕಣಿವೆ. ಕಣಿವೇಲಿ ತೋಟ. ತೋಟದ ಮೇಲೆ ಮನೆ.”

ಸುತ್ತ ಎಲ್ಲಿ ನೋಡಿದರೂ ಮಳೆಯ ಹನಿ ಬಿದ್ದು ಏಳುವ ನೀರು. ಬೇರೆ ಏನೂ ಕಾಣಿಸದು. ಹೊರಡುವಾಗ ಹಂಚು, ಬಾಗಿಲು, ತೊಲೆಗಳನ್ನೆಲ್ಲ ಬಿಚ್ಚಿ ಗಾಡಿಗೆ ಹೇರಿದ್ದರಂತೆ. “ನಿನ್ನ ಅಜ್ಜಿ ಮಾತ್ರ ಕೊನೇಗೆ ಬಾವಿಯಿಂದ ಒಂದು ಕೊಡ ನೀರು ಸೇದಿ ತುಳಸಿಗೆ ಹಾಕಿದಳು. ಎಲ್ಲ ಮುಳುಗುತ್ತಲ್ಲ, ನೀರೇಕೆ ಎಂದು ಅಪ್ಪ ಗದರಿದ. ಇವತ್ತಿನದು ಇವತ್ತಿಗೆ ಅಂದಳು.” ಇದನ್ನು ಅಪ್ಪಯ್ಯ ನಮಗೆ ಯಾರಿಗೂ ಹೇಳಿದ್ದಿಲ್ಲ.

ಮಳೆ ಜೋರಾಗಿ ಎರಡು ಗುಡ್ಡಗಳೂ ಮರೆಯಾದವು. ಹುಡುಗ ಕೂಗಿದ, ಹಿಂದಿರುಗಿದೆವು. ದಡದಲ್ಲಿ ಬಿಸಿ ಕಷಾಯ ಕುಡಿಯುವಾಗ ಅವನು “ಯಾವೂರು ಅಜ್ಜಾ?” ಎಂದು ಕೇಳಿದ. ಅಪ್ಪಯ್ಯ ಈ ಬಾರಿ ಸಾಗರವೆನ್ನಲಿಲ್ಲ. ಊರಿನ ಹೆಸರು, ಮನೆಯ ಹೆಸರು ಎರಡನ್ನೂ ಹೇಳಿದರು. ಹುಡುಗನಿಗೆ ಆ ಊರಿನ ಹೆಸರು ಗೊತ್ತಿತ್ತು. ಅವನ ಅಜ್ಜನ ಬಾಯಲ್ಲಿ ಕೇಳಿದ್ದನಂತೆ.

ಈ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಾಡಿಗೆ ಬೆಳಕು ಬಂದುದು ನಿಜ; ಮುಳುಗಡೆಯಾದ ಎಷ್ಟೋ ಸಂಸಾರಗಳ ಹಕ್ಕುಪತ್ರದ ತೊಡಕು ಅರವತ್ತು ವರ್ಷಕ್ಕೂ ಬಿಡಿಸಿಲ್ಲವೆಂಬುದೂ ನಿಜ. ಶರಾವತಿ ಯೋಜನೆಯಲ್ಲಿಯೇ ನೌಕರರಾಗಿದ್ದ ನಾ. ಡಿಸೋಜ ಅವರು ಈ ಸಂಕಟವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ ಗಿರೀಶ ಕಾಸರವಳ್ಳಿಯವರ ಕೈಯಲ್ಲಿ 2002ರಲ್ಲಿ ಚಲನಚಿತ್ರವೂ ಆಯಿತು. ಹೋಗುವ ಮೊದಲು ಮಕ್ಕಳಿಗೆ ಅದನ್ನು ತೋರಿಸಿದರೆ ಒಳ್ಳೆಯದು.

ಮರುದಿನ ಅಂಬಾರಗೋಡ್ಲಿನ ಸೇತುವೆಯನ್ನು ನೋಡಿದೆವು. ಉದ್ದ 2.44 ಕಿಲೋಮೀಟರು. ಮೊದಲು ಆಚೆಯ ದಡದ ತುಮರಿ ಮೊದಲಾದ ಊರುಗಳವರು ಲಾಂಚಿಗೆ ಕಾದು ನಿಲ್ಲಬೇಕಿತ್ತು. ಈಗ ಬಸ್ಸು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಅಪ್ಪಯ್ಯ ಅದರ ಮೇಲೆ ಸ್ವಲ್ಪ ದೂರ ನಡೆದು, “ಚೆನ್ನಾಗಿದೆ, ತಡ ಆಯ್ತು” ಎಂದರು.

ಹೋಗಬಯಸುವವರು ಮುಂಚಿತವಾಗಿ ವಿಚಾರಿಸಿಕೊಂಡು, ಮಳೆಯ ರಭಸ ತಗ್ಗಿದ ಮೇಲೆ ಹೋಗಲಿ. ತೇಲುವ ಅಂಗಿಯಿಲ್ಲದೆ ಯಾರೂ ನೀರಿಗೆ ಇಳಿಯಬಾರದು. ಆ ಸೀಮೆಯ ಹಿರಿಯರೊಬ್ಬರು ಜೊತೆಗಿದ್ದರೆ, ನೀರಿನ ಮೇಲಿನದರ ಜೊತೆಗೆ ನೀರಿನ ಕೆಳಗಿನದೂ ಕಾಣಿಸೀತು. ಬಿರುಬೇಸಗೆಯಲ್ಲಿ ಹಿನ್ನೀರು ಬಹಳ ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುವುದುಂಟು. ಮುಂದಿನ ಮೇ ತಿಂಗಳಿಗೆ ಟಿಕೆಟ್ ತೆಗೆಸೆಂದು ಅಪ್ಪಯ್ಯ ಈಗಿನಿಂದಲೇ ಹೇಳುತ್ತಿದ್ದಾರೆ. ಬಾವಿಯ ಕಟ್ಟೆ ಕಂಡರೂ ಕಾಣಬಹುದೆಂದು ಅವರ ಎಣಿಕೆ.