ಇರುಳಿನ ಪಾಠಕ್ಕೆ ಬೆಳಗಿನ ಹೊತ್ತು

ಮಳೆಗಾಲದಲ್ಲಿ ಕಾಗಿಣಾ ಉಕ್ಕಿದರೆ ದಂಡೋತಿಯ ಸೇತುವೆ ಮುಳುಗುತ್ತದೆ, ವಾಹನಗಳು ಎರಡೂ ದಡದಲ್ಲಿ ನಿಲ್ಲುತ್ತವೆ. ನೀರು ಇಳಿದ ಮೇಲೆ ದಂಡೆಗುಂಟ ನುಣ್ಣನೆಯ ರಾಡಿ ಉಳಿಯುತ್ತದೆ. ಅದು ಒಂದಿಷ್ಟು ಬಿಗಿಯಾದಾಗ ರಾತ್ರಿ ನೀರಿಗೆ ಬಂದುಹೋದ ಪ್ರಾಣಿಗಳ ಹೆಜ್ಜೆಗಳು ಅದರ ಮೇಲೆ ಸ್ಪಷ್ಟವಾಗಿ ಮೂಡಿರುತ್ತವೆ. ನಾಲ್ಕು ಬೆರಳು, ಬೆರಳ ತುದಿಗೊಂದೊಂದು ಉಗುರಿನ ಚುಕ್ಕೆ ಇದ್ದರೆ ಅದು ನಾಯಿ, ನರಿ, ತೋಳಗಳ ಬಳಗದ್ದು. ಬೆರಳಿನ ಗುರುತಿದ್ದು ಉಗುರಿನದು ಇಲ್ಲದಿದ್ದರೆ ಬೆಕ್ಕಿನ ಜಾತಿಯದು. ನಡೆಯುವಾಗ ಅದು ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಮುಂಗಾಲಿನ ಹೆಜ್ಜೆ ದೊಡ್ಡದಿದ್ದು ಹಿಂಗಾಲಿನದು ಎದ್ದು ಕಾಣುವಷ್ಟು ಸಣ್ಣದಿದ್ದರೆ ಕತ್ತೆಕಿರುಬ ಹಾದುಹೋಗಿರಬಹುದು. ರಾತ್ರಿ ತಿರುಗಾಡುವ ಪ್ರಾಣಿಗಳ ಬಗ್ಗೆ ಮಕ್ಕಳಿಗೆ ಹೇಳಿಕೊಡಬೇಕೆಂದರೆ ಕತ್ತಲಲ್ಲಿ ಬ್ಯಾಟರಿ ಹಿಡಿದು ಅಲೆಯಬೇಕಿಲ್ಲ, ಪರದೇಶದ ಚಿತ್ರಪುಸ್ತಕವನ್ನೂ ತರಿಸಬೇಕಿಲ್ಲ. ಆ ಪ್ರಾಣಿಗಳು ಬಿಟ್ಟುಹೋದ ಗುರುತುಗಳನ್ನು ಬೆಳಿಗ್ಗೆ ಓದಿಸಿದರೆ ಸಾಕು. ಇರುಳಿನ ಪಾಠ ನಡೆಯಬೇಕಾದದ್ದು ಹಗಲಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಆ ಪಾಠ ನಡೆಯುತ್ತಿರುವುದು ಎರಡು ದಾರಿಯಲ್ಲಿ. ಮೊದಲನೆಯದು ಅಂಜಿಕೆ. ಊಟ ಮಾಡದ ಕೂಸಿಗೆ ಗುಮ್ಮ ಬರುತ್ತದೆ ಎನ್ನುತ್ತೇವೆ, ಮನೆಯ ಮಾಳಿಗೆಯ ಮೇಲೆ ಗೂಬೆ ಕೂತರೆ ಓಡಿಸುತ್ತೇವೆ, ಬಾವಲಿ ಮುಖಕ್ಕೆ ಬಡಿದೀತೆಂದು ತಲೆ ಮುಚ್ಚಿಕೊಳ್ಳುತ್ತೇವೆ. ಮಗು ಪ್ರಾಣಿಯನ್ನು ನೋಡುವ ಮೊದಲೇ ಅದರ ಭಯವನ್ನು ಕಲಿತಿರುತ್ತದೆ. ಎರಡನೆಯದು ಪುಸ್ತಕ ಮತ್ತು ಮೊಬೈಲು. ಅಲ್ಲಿ ಬರುವ ರಾತ್ರಿಯ ಪ್ರಾಣಿಗಳಲ್ಲಿ ಹೆಚ್ಚಿನವು ರಕೂನು, ಬ್ಯಾಡ್ಜರು, ಹಿಮದ ನಾಡಿನ ಗೂಬೆ. ಅವೂ ಇರಲಿ, ಲೋಕಜ್ಞಾನ ಬೇಡವೆನ್ನುವವರು ಯಾರು? ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲ ಪ್ರಪಂಚ’ವನ್ನು ಕನ್ನಡದ ಮಕ್ಕಳ ಕೈಗಿತ್ತವರು. ಆದರೆ ಸೇಡಂನ ಮಗುವಿಗೆ ರಕೂನಿನ ಬಾಲದ ಪಟ್ಟೆ ಗೊತ್ತಿದ್ದು, ತನ್ನದೇ ಜಿಲ್ಲೆಯ ಚಿಂಚೋಳಿ ಕಾಡಿನಲ್ಲಿ ಕತ್ತೆಕಿರುಬವಿದೆ ಎಂಬುದು ತಿಳಿಯದೆ ಹೋದರೆ ಆ ಕಲಿಕೆಗೆ ಬುಡವಿಲ್ಲ. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 135 ಚದರ ಕಿಲೋಮೀಟರ್ ಹಬ್ಬಿದ ಈ ಒಣ ಕಾಡಿನಲ್ಲಿ ತೋಳವಿದೆ, ನರಿಯಿದೆ, ಕತ್ತೆಕಿರುಬವಿದೆ. ಬಸ್ಸಿಗೆ ಹೋಗಿ ಸಂಜೆಯೊಳಗೆ ತಿರುಗಿ ಬರುವಷ್ಟು ಹತ್ತಿರದ ಜಾಗ ಅದು.

ಪ್ರಾಣಿಗಳು ರಾತ್ರಿಯನ್ನೇ ಏಕೆ ಆರಿಸಿಕೊಂಡವು ಎಂಬ ಪ್ರಶ್ನೆಗೆ ಈ ಸೀಮೆಯ ಮಕ್ಕಳಷ್ಟು ಬೇಗ ಉತ್ತರ ಹೊಳೆಯುವುದು ಬೇರೆ ಕಡೆಯವರಿಗೆ ಕಷ್ಟ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಅಂಜಿ ಸರ್ಕಾರ ವೇಳೆ ಬದಲಿಸಿದ ಹಾಗೆಯೇ ಪ್ರಾಣಿಗಳೂ ಬದಲಿಸಿವೆ. ಸರ್ಕಾರದ್ದು ಎರಡು ತಿಂಗಳ ಮಾತು, ಅವುಗಳದು ಲಕ್ಷಾಂತರ ವರ್ಷಗಳ ಏರ್ಪಾಡು. ನೀರು ಕಡಿಮೆ ಇರುವ ಕಡೆ ಹಗಲು ಬಿಲದಲ್ಲಿದ್ದು ರಾತ್ರಿ ಮೇಯುವ ಇಲಿಗೆ ಮೈಯ ನೀರು ಉಳಿಯುತ್ತದೆ. ಇಲಿ ರಾತ್ರಿ ಹೊರಬಿದ್ದರೆ ಅದನ್ನು ತಿನ್ನುವ ಗೂಬೆಯೂ ರಾತ್ರಿಯೇ ಹೊರಡಬೇಕು, ಹಾವೂ ಹೊರಡಬೇಕು. ಹೀಗೆ ಒಂದರ ಬೆನ್ನಿಗೆ ಒಂದು ಸೇರಿ ರಾತ್ರಿಯ ಬದುಕು ತುಂಬಿಕೊಂಡಿದೆ. ‘ನಿಶಾಚರ ಎಂದರೆ ರಾತ್ರಿ ಸಂಚರಿಸುವುದು’ ಎಂದು ಬರೆಸಿ ಬಾಯಿಪಾಠ ಮಾಡಿಸಿದರೆ ಈ ಕಾರಣ ಮಗುವಿಗೆ ಸಿಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಫರ್ಸಿಯ ಮೇಲೆ ನಿಂತು ಗೊತ್ತಿರುವ ಮಗುವಿಗೆ ಅದನ್ನು ಎರಡು ಮಾತಿನಲ್ಲಿ ತಿಳಿಸಬಹುದು.

ಗೂಬೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಬೆಳಗಿನ ಪಾಠಕ್ಕೆ ಅದರಷ್ಟು ಒದಗಿಬರುವ ಪ್ರಾಣಿ ಇನ್ನೊಂದಿಲ್ಲ. ಹೃದಯದಾಕಾರದ ಬಿಳಿ ಮುಖದ ಕಣಜದ ಗೂಬೆ ಹಳೆಯ ಗುಡಿ, ಪಾಳು ವಾಡೆಗಳಲ್ಲಿ ಮನೆ ಮಾಡುತ್ತದೆ. ಇಲಿಯನ್ನು ಅದು ಇಡಿಯಾಗಿ ನುಂಗುತ್ತದೆ. ಮಾಂಸ ಕರಗುತ್ತದೆ, ಎಲುಬು, ಕೂದಲು ಕರಗದೆ ಹೊಟ್ಟೆಯಲ್ಲಿ ಉಂಡೆಯಾಗುತ್ತವೆ. ಕೆಲವು ತಾಸುಗಳ ಮೇಲೆ ಗೂಬೆ ಆ ಉಂಡೆಯನ್ನು ಬಾಯಿಂದ ಹೊರಹಾಕುತ್ತದೆ. ಅದು ಕೂರುವ ಜಾಗದ ಕೆಳಗೆ ಹೆಬ್ಬೆರಳಿಗಿಂತ ತುಸು ದಪ್ಪನೆಯ ಇಂಥ ಉಂಡೆಗಳು ಬಿದ್ದಿರುತ್ತವೆ. ಒಂದನ್ನು ಚೆನ್ನಾಗಿ ಒಣಗಿಸಿ, ನೀರಿನಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿದರೆ ಬೂದು ಕೂದಲ ನಡುವೆ ಪುಟ್ಟ ತಲೆಬುರುಡೆ ಕಾಣುತ್ತದೆ. ಮುಂದೆ ಕಿತ್ತಳೆ ಬಣ್ಣದ ಬಾಗಿದ ಹಲ್ಲು, ಆಮೇಲೆ ಖಾಲಿ ಜಾಗ, ಹಿಂದೆ ಅರೆಯುವ ದವಡೆಹಲ್ಲು. ಅದು ಇಲಿ. ದವಡೆಗಳನ್ನು ಎಣಿಸಿದರೆ ಆ ಹೊತ್ತಿನ ಊಟಕ್ಕೆ ಎಷ್ಟು ಇಲಿ ಹೋದವು ಎಂಬುದೂ ತಿಳಿಯುತ್ತದೆ. ಕೈಗೆ ಚೀಲ ಕಟ್ಟಿಕೊಂಡು ಮಾಡಬೇಕು, ಮಾಡಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಅಷ್ಟೆ. ಅಮೆರಿಕದ ರೋಜರ್ ಪೇನ್ ಅವರ ಪ್ರಯೋಗಗಳು ಒಂದಿಷ್ಟೂ ಬೆಳಕಿಲ್ಲದ ಕೋಣೆಯಲ್ಲಿ ಈ ಜಾತಿಯ ಗೂಬೆ ಸಪ್ಪಳದ ಗುರುತಿನಿಂದಲೇ ಇಲಿ ಹಿಡಿಯುತ್ತದೆ ಎಂದು ತೋರಿಸಿದವು. ಅದರ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ. ಸದ್ದು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದು ಆ ವ್ಯತ್ಯಾಸದಿಂದಲೇ ಅದಕ್ಕೆ ಗೊತ್ತಾಗುತ್ತದೆ. ಉಂಡೆ ಬಿಡಿಸಿದ ಕೈಗಳಿಗೆ ಈ ಸಂಗತಿ ಹೇಳಿದರೆ ಅದು ಮರೆಯುವ ಮಾತಲ್ಲ.

ಇನ್ನು ಬಾವಲಿ. ತೊಗರಿ ಹೂವಿಗೆ ಬಂದಾಗ ಕಾಯಿಕೊರಕದ ಪತಂಗ ರಾತ್ರಿ ಹಾರಾಡಿ ಮೊಗ್ಗಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದದ್ದು ಎಲ್ಲರಿಗೂ ಗೊತ್ತು. ಆ ತೊಗರಿಯ ಮೇಲೆ ರಾತ್ರಿಯಿಡೀ ನಡೆಯುವ ಕಾದಾಟ ಮಕ್ಕಳಿಗೆ ಗೊತ್ತಿಲ್ಲ. ಸಣ್ಣ ಬಾವಲಿಗಳು ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸಿ, ಅದರ ಮರುದನಿಯಿಂದ ಹಾರುವ ಪತಂಗ, ಸೊಳ್ಳೆಗಳನ್ನು ಹುಡುಕಿ ತಿನ್ನುತ್ತವೆ. ದೊಡ್ಡ ಬಾವಲಿಗಳು ಹಣ್ಣು ತಿಂದು ಬೀಜ ಚೆಲ್ಲುತ್ತವೆ. ಬೇವಿನ ಹಣ್ಣಿನ ಕಾಲದಲ್ಲಿ ಬೆಳಿಗ್ಗೆ ಬೇರೆ ಮರದ ಕೆಳಗೆ ಬೇವಿನ ಬೀಜ ಹರಡಿದ್ದರೆ ಅದು ಅವುಗಳ ಕೆಲಸವಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕಾನೂನು ಮಾಡುವ ಹಿರಿಯರಿಗೇ ಇಷ್ಟು ಕಲಿಯಲು 50 ವರ್ಷ ಬೇಕಾಯಿತು ಎಂದ ಮೇಲೆ ಮಕ್ಕಳ ಕಲಿಕೆ ಬೇಗ ಶುರುವಾಗುವುದು ಒಳ್ಳೆಯದು. ಕೇರಳದ ನಿಪಾ ಜ್ವರದ ಸುದ್ದಿ ಕೇಳಿದವರು ಇದನ್ನು ಒಪ್ಪಲಿಕ್ಕಿಲ್ಲ. ಅವರ ಆತಂಕ ಸುಳ್ಳಲ್ಲ. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಬಿದ್ದ ಬಾವಲಿಯನ್ನು ಮುಟ್ಟಬಾರದು. ಇದನ್ನು ಪಾಲಿಸಬೇಕಾದರೂ ಬಾವಲಿ ಕಚ್ಚಿದ ಹಣ್ಣು ಹೇಗಿರುತ್ತದೆ ಎಂಬುದು ಮಗುವಿಗೆ ಮೊದಲು ಗೊತ್ತಿರಬೇಕಲ್ಲ?

ದೊಡ್ಡ ಆಕ್ಷೇಪ ಹಾವು, ಚೇಳುಗಳದು. ಪ್ರಾಣಿಗಳ ಮೇಲೆ ಪ್ರೀತಿ ಹುಟ್ಟಿಸಿದರೆ ಮಕ್ಕಳು ಕೈ ಹಾಕುತ್ತಾರೆ, ಅಂಜಿಕೆಯೇ ಕಾವಲು ಎನ್ನುವ ತಾಯಂದಿರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಆದರೆ ಬರಿಯ ಅಂಜಿಕೆ ಕಾಯುವುದಿಲ್ಲ. ಕಟ್ಟುಹಾವು ಹಗಲು ಮುದುಡಿ ಬಿದ್ದಿರುತ್ತದೆ, ರಾತ್ರಿ ಇಲಿ, ಹಲ್ಲಿ, ಸಣ್ಣ ಹಾವುಗಳನ್ನು ಹುಡುಕಿ ಮನೆಯೊಳಗೂ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಕಡಿದ ಗುರುತು ಸರಿಯಾಗಿ ಕಾಣುವುದಿಲ್ಲ, ಉರಿಯೂ ಅಷ್ಟಿಲ್ಲ. ಹೊಟ್ಟೆನೋವು ಎಂದು ಎದ್ದ ಕೂಸಿನ ಕಣ್ಣೆವೆ ಜೋತುಬೀಳುವವರೆಗೆ ಮನೆಯವರಿಗೆ ಸುಳಿವೇ ಸಿಗದೆ ಇರಬಹುದು. ಹೆಡೆಯೆತ್ತಿದ ನಾಗರಕ್ಕೆ ಅಂಜಲು ಕಲಿತ ಮಗುವಿಗೆ ಇದರಿಂದ ಯಾವ ರಕ್ಷಣೆಯೂ ಇಲ್ಲ. ಇದರ ರಾತ್ರಿಯ ಚಾಳಿ ತಿಳಿದ ಮಗು ಮಂಚ ಕೇಳುತ್ತದೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುತ್ತದೆ, ಕಾರಣವಿಲ್ಲದೆ ಹೊಟ್ಟೆ ನೋಯುತ್ತದೆ ಎಂದು ನಸುಕಿನಲ್ಲಿ ಯಾರಾದರೂ ಎದ್ದರೆ ಆಸ್ಪತ್ರೆಗೆ ಹೋಗೋಣ ಎನ್ನುತ್ತದೆ.

ಚೇಳಿನದೂ ಹೀಗೆಯೇ. ಶಹಾಬಾದ್, ವಾಡಿ ಕಡೆ ಮನೆಯಂಗಳದಲ್ಲಿ ಒಟ್ಟಿದ ಫರ್ಸಿಗಳ ಸಂದು ಅದಕ್ಕೆ ಹೇಳಿಮಾಡಿಸಿದ ಹಗಲು ಮನೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗರ ಪಂಚಮಿಯ ದಿನ ಜನ ಕಲ್ಲುಗಳನ್ನೆತ್ತಿ ಚೇಳುಗಳನ್ನು ಕೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ, ಮಕ್ಕಳೂ ಬಿಟ್ಟುಕೊಳ್ಳುತ್ತಾರೆ. ಅದನ್ನು ಶಾಲೆಯ ಮಾದರಿ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ; ಕೆಂಪು ಚೇಳಿನ ವಿಷ ಸಣ್ಣ ಮಕ್ಕಳ ಹೃದಯಕ್ಕೆ ಅಪಾಯ. ಆದರೆ ಚೇಳನ್ನು ಕಂಡೊಡನೆ ಚೀರುವುದು ಹುಟ್ಟಿನಿಂದ ಬಂದದ್ದಲ್ಲ, ಹಿರಿಯರಿಂದ ಕಲಿತದ್ದು ಎಂಬುದಕ್ಕೆ ಆ ಮಕ್ಕಳೇ ಸಾಕ್ಷಿ. ಕಲಿಸುವುದೇ ಆದರೆ ಸರಿಯಾದದ್ದನ್ನು ಕಲಿಸಬಹುದು. ಕಲ್ಲಿನ ಸಂದಿಗೆ ಕೈ ಹಾಕಬೇಡ, ಬೂಟು ಝಾಡಿಸಿ ಹಾಕಿಕೋ, ಮತ್ತು ತಾಯಿಚೇಳು ಬಿಳಿಯ ಮರಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ದೂರದಿಂದ ನೋಡು.

ಗೂಬೆ ಅಪಶಕುನ, ಅಮಾವಾಸ್ಯೆ ಕೆಟ್ಟದ್ದು ಎಂಬ ನಂಬಿಕೆಗೆ ಶಾಲೆ ಕೈ ಹಾಕಬಾರದು ಎನ್ನುವವರೂ ಇದ್ದಾರೆ. ಊರಿನ ನಂಬಿಕೆ ಅಷ್ಟು ಏಕಮುಖವಾಗಿಲ್ಲ. ನಸುಕಿನಲ್ಲಿ ಬಾಗಿಲಿಗೆ ಬರುವ ಬುಡಬುಡಿಕೆಯವರು ಹಾಲಕ್ಕಿಯ ನುಡಿ ಕೇಳಿ ಶುಭ ಹೇಳುತ್ತಾರೆ. ಆ ಹಾಲಕ್ಕಿ ಗೂಬೆಯ ಜಾತಿಯದೇ, ಮೈಮೇಲೆ ಬಿಳಿ ಚುಕ್ಕೆಗಳಿರುವ ಪುಟ್ಟ ಹಕ್ಕಿ. ಎಳ್ಳ ಅಮಾವಾಸ್ಯೆಯನ್ನಂತೂ ಈ ಸೀಮೆ ಭಯದಿಂದಲ್ಲ, ಸಡಗರದಿಂದ ಕಾಯುತ್ತದೆ. ಅಂದು ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬೆಳದಿಂಗಳಿನಲ್ಲಿ ಇಲಿಯಂಥ ಸಣ್ಣ ಪ್ರಾಣಿಗಳು ಗೂಬೆಗೆ ಅಂಜಿ ಕಡಿಮೆ ಓಡಾಡುತ್ತವೆ, ಕಗ್ಗತ್ತಲಿನಲ್ಲಿ ಹೆಚ್ಚು ಹೊರಬರುತ್ತವೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಸಂಗತಿ. ಹಾಗಾಗಿ ಅಮಾವಾಸ್ಯೆಯ ಬೆಳಿಗ್ಗೆ ಬದುವಿನ ಮೆತ್ತನೆಯ ಮಣ್ಣಿನಲ್ಲಿ ಗುರುತು ಹುಡುಕಲು ಒಳ್ಳೆಯ ವೇಳೆ. ಹಬ್ಬಕ್ಕೂ ಪಾಠಕ್ಕೂ ಜಗಳವೇನಿಲ್ಲ. ಚರಗದ ಮೊದಲು ಮಕ್ಕಳನ್ನು ಒಂದು ಸುತ್ತು ಬದುವಿನ ಗುಂಟ ಕರೆದೊಯ್ದರಾಯಿತು. ಒಣಗಿದ ಬಿಳಿ ಲದ್ದಿ ಸಿಕ್ಕರೆ ಅದು ಎಲುಬು ಜಗಿಯುವ ಕತ್ತೆಕಿರುಬದ್ದಿರಬಹುದು, ಬಾರಿಹಣ್ಣಿನ ಬೀಜ ತುಂಬಿದ ಲದ್ದಿ ಸಿಕ್ಕರೆ ನರಿಯದ್ದೋ ಪುನುಗುಬೆಕ್ಕಿನದ್ದೋ.

ಸಿಮೆಂಟ್ ಕಾರ್ಖಾನೆಗಳ ದೀಪ ರಾತ್ರಿಯಿಡೀ ಉರಿಯುವ ಕಡೆ ಇನ್ನೆಲ್ಲಿಯ ಇರುಳು, ಇನ್ನೆಲ್ಲಿಯ ಪ್ರಾಣಿ ಎಂಬ ಮಾತೂ ಇದೆ. ದೀಪದ ಕಂಬದ ಕೆಳಗೆ ಬೆಳಿಗ್ಗೆ ಸತ್ತು ಬಿದ್ದ ಹುಳುಗಳ ರಾಶಿಯೇ ಅದಕ್ಕೊಂದು ಪಾಠ. ಬೆಳಕು ಹೆಚ್ಚಾದರೆ ಯಾವುದು ಬರುತ್ತದೆ, ಯಾವುದು ದೂರ ಸರಿಯುತ್ತದೆ ಎಂಬುದನ್ನು ವಾಡಿಯ ಶಾಲೆಯೊಂದು ಕಂಬದ ಕೆಳಗಿನ ಹುಳುಗಳನ್ನು ತಿಂಗಳಿಗೊಮ್ಮೆ ಎಣಿಸಿಯೇ ಕಂಡುಕೊಳ್ಳಬಹುದು. ಶಿಕ್ಷಕರಿಗೇ ಇವೆಲ್ಲ ಗೊತ್ತಿಲ್ಲ ಎಂಬುದು ಮಾತ್ರ ನಿಜವಾದ ತೊಡಕು. ಆದರೆ ಗೊತ್ತಿರುವವರು ಊರಿನಲ್ಲೇ ಇದ್ದಾರೆ. ಗೊಬ್ಬರಕ್ಕೆಂದು ಹೊಲಗಳಲ್ಲಿ ಕುರಿ ತರುಬಿ ಅಲ್ಲೇ ಮಲಗುವ ಕುರಿಗಾಹಿಗೆ ತೋಳದ ನಡೆ ಗೊತ್ತು, ನಾಯಿ ಬೊಗಳುವ ರೀತಿಯಿಂದ ಬಂದದ್ದು ನರಿಯೋ ತೋಳವೋ ಎನ್ನುವುದೂ ಗೊತ್ತು. ರಾತ್ರಿ ಕರೆಂಟು ಕೊಟ್ಟಾಗ ಪಂಪು ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತನಿಗೆ ಮುಳ್ಳುಹಂದಿ ಯಾವ ಬದುವಿನಿಂದ ಬರುತ್ತದೆ ಎಂಬುದು ಗೊತ್ತು. ಇವರನ್ನು ವರ್ಷಕ್ಕೆ ನಾಲ್ಕಾರು ಸಲ ಶಾಲೆಗೆ ಕರೆದು ಕುರ್ಚಿ ಹಾಕಿ ಕೂಡಿಸಬೇಕು. ಮಕ್ಕಳು ಕೇಳಲಿ, ಅವರು ಹೇಳಲಿ, ಶಿಕ್ಷಕರು ಬರೆದುಕೊಳ್ಳಲಿ. ಹಾಗೆ ಬರೆದಿಟ್ಟದ್ದು ಮೂರು ನಾಲ್ಕು ವರ್ಷಕ್ಕೆ ದಂಡೋತಿಯದೇ ಆದ ಒಂದು ಇರುಳಿನ ಪುಸ್ತಕವಾಗುತ್ತದೆ. ಅದರಲ್ಲಿ ರಕೂನು ಇರುವುದಿಲ್ಲ. ಕಾಗಿಣಾದ ರಾಡಿಯ ಮೇಲಿನ ಹೆಜ್ಜೆಗಳಿಗೆ ಅಳತೆ, ತಾರೀಖು ಇರುತ್ತವೆ.