ತ್ಯಾಗವೋ, ಬಲಿಯೋ, ವಜಾವೋ?

ಇಂಗ್ಲಿಷಿನ 'ಸ್ಯಾಕ್ರಿಫೈಸ್' ಎಂಬ ಒಂದೇ ಶಬ್ದಕ್ಕೆ ಕನ್ನಡದಲ್ಲಿ ಎರಡು ಶಬ್ದಗಳಿವೆ. ಆ ಎರಡರ ನಡುವೆ ಶ್ರಾವಕನಾದವನಿಗೆ ಹಗಲು ರಾತ್ರಿಯಷ್ಟು ಅಂತರ. ತ್ಯಾಗವು ದಶಧರ್ಮಗಳಲ್ಲಿ ಎಂಟನೆಯದು. ಬಲಿಯು ಸಂಕಲ್ಪೀ ಹಿಂಸೆ, ಗೃಹಸ್ಥನಿಗೂ ಸರ್ವಥಾ ವರ್ಜ್ಯವಾದುದು. ಒಂದು ವರ್ಷದ ದಶಲಕ್ಷಣ ಪರ್ವದಲ್ಲಿ, ಭಾದ್ರಪದ ಶುಕ್ಲ ದ್ವಾದಶಿಯಂದು, ಅಂದರೆ ಉತ್ತಮ ತ್ಯಾಗದ ದಿನವೇ, ಭಾಲ್ಕಿಯ ಒಂದು ಮನೆಯಲ್ಲಿ ಈ ಶಬ್ದವನ್ನು ಯಾವ ಕಡೆಗೆ ಸೇರಿಸಬೇಕೆಂಬ ಚರ್ಚೆ ನಡೆಯಿತು. ಚರ್ಚೆಯನ್ನು ಎಬ್ಬಿಸಿದ್ದು ಒಂದು ಆಟದ ಎಲೆ.

ತೊಗರಿ, ಕಡಲೆ ವ್ಯಾಪಾರದ ಮನೆತನ ಅದು. ಪುಣೆಯಲ್ಲಿ ಓದುವ ಮೊಮ್ಮಗನು ರಜೆಗೆ ಬಂದವನು ಎಲೆಗಳ ಕಟ್ಟೊಂದನ್ನು ತಂದಿದ್ದನು. ಪಡಸಾಲೆಯಲ್ಲಿ ತಂಗಿಗೆ ಆಟ ಕಲಿಸುತ್ತಿದ್ದನು. ಅತ್ತ ಅಜ್ಜನು ಸ್ವಾಧ್ಯಾಯಕ್ಕೆ ಕುಳಿತಿದ್ದಾಗ ಏಳು ವರ್ಷದ ಆ ಹುಡುಗಿ ಓಡಿ ಬಂದು, "ಮುತ್ಯಾ, ನಾ ಆನಿ ಬಲಿ ಕೊಟ್ಟೆ, ಗೆದ್ದೆ!" ಎಂದಳು. ಅವಳ ಮುಖದಲ್ಲಿ ಹಬ್ಬದ ಸಂತೋಷ. ಅಜ್ಜನು ಗ್ರಂಥವನ್ನು ಮುಚ್ಚಿ, ಕಟ್ಟನ್ನು ತೆಗೆದಿರಿಸಲು ಹೇಳಿದನು. ಮೊಮ್ಮಗನು ಒಪ್ಪಲಿಲ್ಲ. "ಇದು ಬರೀ ಹಾಳಿ ಅಲ್ಲೇನ್ರಿ ಮುತ್ಯಾ?" ಎಂದನು.

ಬರಿಯ ಹಾಳೆಯೇ? ನಿರ್ಣಯಕ್ಕೆ ಮೊದಲು ಆಟವನ್ನು ತಿಳಿಯುವುದು ನ್ಯಾಯ; ತಿಳಿಯದೆ ನಿಷೇಧಿಸುವ ಹಿರಿಯರು ನಮ್ಮಲ್ಲಿ ಸಾಕಷ್ಟಿದ್ದಾರೆ. ಈ ಅಜ್ಜನು ಅವರಂತಲ್ಲದೆ ಎದುರಿಗೆ ಕುಳಿತು ನಿಯಮಗಳನ್ನು ಕೇಳಿಸಿಕೊಂಡನು. ಆಟದ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞನು ರಚಿಸಿದ ಇದು 1993ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾಯಿತು. ಆಟಗಾರನು ಕನಿಷ್ಠ 60 ಎಲೆಗಳನ್ನು ತಾನೇ ಆರಿಸಿ ಕಟ್ಟು ಸಿದ್ಧಪಡಿಸಿಕೊಳ್ಳುತ್ತಾನೆ. ಇಬ್ಬರಿಗೂ 20 ಅಂಕಗಳ ಆಯುಷ್ಯ. ಭೂಮಿಯ ಎಲೆಗಳಿಂದ ಶಕ್ತಿಯನ್ನು ಪಡೆದು, ಅದನ್ನು ವ್ಯಯಿಸಿ, ಆನೆ, ಯೋಧ, ರಾಕ್ಷಸ ಮುಂತಾದ ಜೀವಿಗಳನ್ನು ಕಣಕ್ಕೆ ಇಳಿಸುವುದು ಕ್ರಮ. 'ಸ್ಯಾಕ್ರಿಫೈಸ್' ಎಂಬ ಕಪ್ಪು ಬಣ್ಣದ ಎಲೆ ಮೊದಲ ಮುದ್ರಣದಲ್ಲಿಯೇ ಇತ್ತು. ಅದನ್ನು ಆಡಲು ಒಂದು ಶಕ್ತಿ ಖರ್ಚು. ತನ್ನದೊಂದು ಜೀವಿಯನ್ನು ಕಳೆದುಕೊಂಡರೆ ಆ ಜೀವಿಯ ಬೆಲೆಯಷ್ಟು ಕಪ್ಪು ಶಕ್ತಿ ಜಮೆಯಾಗುತ್ತದೆ.

ವ್ಯಾಪಾರಿಗೆ ಇದರ ತಂತ್ರ ಬೇಗನೆ ಅರ್ಥವಾಗುತ್ತದೆ. ಆರು ಶಕ್ತಿಯ ಬೆಲೆಯ ಜೀವಿಯನ್ನು ಎದುರಾಳಿಯು ಕೊಲ್ಲಲು ಹೊರಟಾಗ, ಆ ಪೆಟ್ಟು ಬೀಳುವ ಮೊದಲೇ ಈ ಎಲೆಯನ್ನು ಆಡಬಹುದು; ಆರು ಬಂದು, ಒಂದು ಕಳೆದು, ಐದು ಉಳಿಯುತ್ತದೆ. ಹೇಗೂ ಹಾಳಾಗುವ ಸರಕಿನಿಂದ ಬಂದ ಐದು. ಎದುರಾಳಿಯ ದೊಡ್ಡ ಜೀವಿಯನ್ನು ತಡೆಯಲು ತನ್ನದೊಂದನ್ನು ಅಡ್ಡ ನಿಲ್ಲಿಸಿ, ಪೆಟ್ಟಿಗೆ ಮುನ್ನ ಅದನ್ನೇ ಕಳೆದುಕೊಂಡರೂ ತಡೆ ತಡೆಯಾಗಿಯೇ ಉಳಿಯುತ್ತದೆ, ಶಕ್ತಿಯೂ ಬರುತ್ತದೆ. ಆದರೆ ಬಂದ ಶಕ್ತಿಯನ್ನು ಒಡನೆಯೇ ವಿನಿಯೋಗಿಸಬೇಕು. ಆಟದ ಆ ಹಂತ ಮುಗಿದರೆ ಅದು ಹೋಗಿಬಿಡುತ್ತದೆ. ಇನ್ನೊಂದು ಅಪಾಯವೂ ಉಂಟು. ಈಗಿನ ನಿಯಮದಲ್ಲಿ ಜೀವಿಯನ್ನು ಕಳೆಯುವುದು ಎಲೆಯ ಫಲವಲ್ಲ, ಅದರ ಶುಲ್ಕ. ಎದುರಾಳಿಯು ಎಲೆಯನ್ನೇ ರದ್ದುಗೊಳಿಸಿದರೆ ಕೊಟ್ಟದ್ದು ಹೋಯಿತು, ಬರಬೇಕಾದದ್ದು ಬರಲಿಲ್ಲ. ಮುಂಗಡ ಕೊಟ್ಟು ಮಾಲು ಬಾರದೆ ಕುಳಿತ ಯಾವ ವರ್ತಕನಿಗೂ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಎಲೆಗಳಿಂದ ಪುಕ್ಕಟೆಯಾಗಿ ಹುಟ್ಟುವ ಸಣ್ಣ ಜೀವಿಗಳಿಗೆ ಸಾಮಾನ್ಯವಾಗಿ ಬೆಲೆಯೇ ಸೊನ್ನೆಯಾದುದರಿಂದ ಅವುಗಳನ್ನು ಕಳೆದರೆ ಸಿಗುವುದೂ ಸೊನ್ನೆ.

ಇಷ್ಟು ಕೇಳಿದ ಮೇಲೆ ಅಜ್ಜನು, ಇದು ತ್ಯಾಗವಂತೂ ಅಲ್ಲವೆಂದನು. ಮರಳಿ ಬರುವುದನ್ನು ಲೆಕ್ಕ ಹಾಕಿ ಕೊಡುವುದಕ್ಕೆ ಅಂಗಡಿಯಲ್ಲಿ 'ವಜಾ' ಎನ್ನುತ್ತಾರೆ. ಹಾಗಾದರೆ ಬಲಿಯೇ?

ಇಲ್ಲಿ ಶಾಸ್ತ್ರದ ಸಹಾಯ ದೊರೆಯುತ್ತದೆ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ನಾಮ, ಸ್ಥಾಪನೆ, ದ್ರವ್ಯ, ಭಾವ ಎಂದು ನಾಲ್ಕು ನಿಕ್ಷೇಪಗಳಿವೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಥಾಪನೆಗೆ ಉದಾಹರಣೆ ಕೊಡುವಾಗ ಮರದ ಕೆಲಸ, ಚಿತ್ರ ಇವುಗಳ ಜೊತೆಗೆ ಆಟದ ದಾಳವನ್ನೂ ಹೇಳುತ್ತಾರೆ. ಚದುರಂಗದ ಕಾಯಿಯನ್ನು ಆನೆಯೆಂದು ಕರೆಯುವುದು ನಮ್ಮ ಪಾಠಶಾಲೆಗಳ ಉದಾಹರಣೆ. ಆದುದರಿಂದ ಎಲೆಯ ಮೇಲಿನ ಆನೆ ಬರಿಯ ಹಾಳೆಯಲ್ಲ. 'ಇದು ಆನೆ' ಎಂದು ಒಪ್ಪಿಕೊಂಡ ಹಾಳೆ.

ಹೀಗೆ ಒಪ್ಪಿಕೊಂಡ ವಸ್ತುವನ್ನು ಕಡಿದುದರ ಫಲವೇನೆಂಬುದನ್ನು ಯಶೋಧರನ ಕಥೆ ಹೇಳುತ್ತದೆ. ಜನ್ನನ ಯಶೋಧರ ಚರಿತೆ 1209ರದು. ಆದರೆ ಅದಕ್ಕೂ ಮುನ್ನ ಇದೇ ಕಥೆಯನ್ನು ಪುಷ್ಪದಂತನು ಅಪಭ್ರಂಶದಲ್ಲಿ ಬರೆದದ್ದು ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ. ಸೋಮದೇವಸೂರಿಗಳ ಯಶಸ್ತಿಲಕವು ಶಕ 881ರದು, ಅಂದರೆ ಕ್ರಿ.ಶ. 959. ನಮ್ಮ ಈ ಭಾಗಕ್ಕೆ ಕಥೆ ಹೊಸದಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಯಶೋಧರನು ಜೀವಂತ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಕಡಿದನು. ರಕ್ತ ಹರಿಯಲಿಲ್ಲ, ದ್ರವ್ಯಹಿಂಸೆ ಆಗಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಣ, ಕೋಳಿ ಎಂದು ತಿರ್ಯಂಚ ಜನ್ಮಗಳನ್ನು ಅಲೆದರು; ಕೊನೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟಿ ಮಾರಿದತ್ತನ ಬಲಿಪೀಠದ ಮುಂದೆ ನಿಂತರು.

ಮೊಮ್ಮಗನಿಗೆ ಈ ಕಥೆ ಗೊತ್ತಿತ್ತು. "ಅಂವ ದೇವಿ ಒಪ್ಪತಾಳ ಅಂತ ನಂಬಿ ಕಡದಾನ್ರಿ. ನಾವು ಯಾರೂ ನಂಬಂಗಿಲ್ಲ" ಎಂದನು. ಮಾತು ಅರ್ಧ ಸರಿ. ಯಶೋಧರನ ಹಿಟ್ಟಿನ ಕೋಳಿ ನಿಜವಾದ ಕೋಳಿಯ ಸ್ಥಾನದಲ್ಲಿ ನಿಂತಿತ್ತು. ಕತ್ತಿ ಎತ್ತಿದಾಗ ಮನಸ್ಸಿನಲ್ಲಿ ಜೀವವಿತ್ತು, ಮಿಥ್ಯಾತ್ವವೂ ಇತ್ತು. ಐದು ಶಕ್ತಿಯ ಲೆಕ್ಕ ಹಾಕುವ ತರುಣನ ಮನಸ್ಸಿನಲ್ಲಿ ಅಂಕಗಣಿತವಿದೆ, ಆನೆಯಿಲ್ಲ. ಉಳಿದರ್ಧ ಹುಡುಗಿಯದು. ಅವಳು ಎಲೆಯನ್ನು ನೋಡಲಿಲ್ಲ, ಆನೆಯನ್ನು ನೋಡಿದಳು, ಕೊಟ್ಟೆನೆಂದು ಕುಣಿದಳು. ದ್ವೇಷದಿಂದಾಗಲಿ ರಾಗದಿಂದಾಗಲಿ ಅನ್ಯರ ವಧೆ, ಛೇದನಗಳನ್ನು ಚಿಂತಿಸುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಪಧ್ಯಾನವೆಂದು ಕರೆದು, ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಒಂದೇ ಎಲೆ, ಒಂದೇ ನಡೆ. ಆಡುವವರ ಕಷಾಯ ಬೇರೆ, ಬಂಧ ಬೇರೆ.

ಆಟದ ಒಂದು ನಿಯಮ ಮಾತ್ರ ಮೆಚ್ಚತಕ್ಕದ್ದು. ಯಾರೂ ಪರರ ಜೀವಿಯನ್ನು ತಾವು 'ಸ್ಯಾಕ್ರಿಫೈಸ್' ಮಾಡುವಂತಿಲ್ಲ. ತನ್ನ ವಶದಲ್ಲಿರುವುದನ್ನಷ್ಟೇ ಮಾಡಬಹುದು. ಆದರೆ ಚತುರರು ಇದಕ್ಕೂ ದಾರಿ ಕಂಡುಕೊಂಡಿದ್ದಾರೆ. ಎದುರಾಳಿಯ ಜೀವಿಯನ್ನು ಒಂದು ಸರದಿಯ ಮಟ್ಟಿಗೆ ವಶಪಡಿಸಿಕೊಳ್ಳುವ ಎಲೆಗಳಿವೆ. ವಶವಾದೊಡನೆ ಅದನ್ನು ಕಳೆದು ಶಕ್ತಿ ಮಾಡಿಕೊಳ್ಳುತ್ತಾರೆ. ಹಿಂತಿರುಗಿಸುವ ಪ್ರಶ್ನೆಯೇ ಇಲ್ಲ. ಇದನ್ನು ಕೇಳಿದಾಗ ಅಜ್ಜನು ನಗಲಿಲ್ಲ. ಸಂತೆಯಲ್ಲಿ ಆಡನ್ನು ಕೊಂಡು, ಹಗ್ಗ ಕೈಗೆ ಬಂದೊಡನೆ ಅದರ ಪ್ರಾಣವೂ ತನ್ನದೆಂದು ತಿಳಿದು, ತನ್ನದನ್ನೇ ದೇವರಿಗೆ ಅರ್ಪಿಸಿದೆನೆನ್ನುವವನು ಮಾಡುವುದು ಇದನ್ನೇ. ಹಣಕ್ಕೆ ಸಿಕ್ಕಿದ್ದು ಆಡಿನ ಹಗ್ಗ, ಪ್ರಾಣ ಆಡಿನದೇ. ನಮ್ಮ ರಾಜ್ಯದಲ್ಲಿ ದೇವಾಲಯಗಳ ಪ್ರಾಂಗಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ 1959ರಿಂದ ಇದೆ.

ಆ ಮನೆಯಲ್ಲಿ ಎಲೆಗಳನ್ನು ಸುಡಲಿಲ್ಲ, ಬೀಗ ಹಾಕಿಯೂ ಇಡಲಿಲ್ಲ. ಪರ್ವ ಮುಗಿಯುವವರೆಗೆ ಆಟ ಬೇಡ, ಅನಂತರ 'ಬಲಿ' ಎಂಬ ಮಾತು ಬೇಡ, 'ವಜಾ' ಎನ್ನಿರಿ ಎಂದು ಅಜ್ಜನು ಹೇಳಿದನು. ಶಬ್ದ ಬದಲಾದರೆ ಏನಾಯಿತೆಂದು ಕೆಲವರು ಕೇಳಬಹುದು. ಏಳು ವರ್ಷದ ಮಗುವಿಗೆ ಭಾವವು ಶಬ್ದದ ಬೆನ್ನು ಹತ್ತಿಯೇ ಬರುತ್ತದೆ.

ಅಜ್ಜನು ಹೆಚ್ಚು ಕಟುವಾದದ್ದು ಬೇರೊಂದು ವಿಷಯಕ್ಕೆ. ಈ ಎಲೆಗಳು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. 1993ರ ಪೊಟ್ಟಣದಲ್ಲಿ 15 ಎಲೆಗಳು, ಅವುಗಳಲ್ಲಿ ಅಪರೂಪದ್ದು ಒಂದು. ಯಾವುದು ಬರುವುದೆಂದು ಕೊಳ್ಳುವವನಿಗೆ ತಿಳಿಯದು. ಮೊದಲ ವರ್ಷಗಳಲ್ಲಿ ಆಟಕ್ಕೆ ಮುನ್ನ ಒಂದೊಂದು ಎಲೆಯನ್ನು ಪಣವಾಗಿ ಇಟ್ಟು ಗೆದ್ದವನು ಒಯ್ಯುವ ನಿಯಮವೂ ಇತ್ತು. ಅದನ್ನು ಅನಂತರ ಕೈಬಿಟ್ಟರು. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದೆಂದು ಅಜ್ಜನು ನೆನಪಿಸಿದನು. ಮಾಲು ತೋರಿಸದೆ ಮಾರುವ ಅಂಗಡಿಯಲ್ಲಿ ತಾನು ಒಂದು ಸೇರು ಕಡಲೆಯನ್ನೂ ಕೊಳ್ಳಲಾರೆನೆಂದನು. ಮೊಮ್ಮಗನು ಈಗ ಬೇಕಾದ ಎಲೆಯನ್ನು ಬೆಲೆ ನೋಡಿ ಬಿಡಿಯಾಗಿ ಕೊಳ್ಳುತ್ತಾನೆ.